ಖಾಲಿ ಮನೆಯ ಗೋಡೆ

ನಾಳೆ ನೋಂದಣಿ ಎನ್ನುವಾಗ, ಶಾಲೆ ಬಿಟ್ಟವಳೇ ಮನೆಯನ್ನು ಇನ್ನೊಮ್ಮೆ ನೋಡಿಬರಲು ಹೋದೆ. ಶಿವಮೊಗ್ಗದಲ್ಲಿ 27 ವರ್ಷ ಬಾಡಿಗೆ ಮನೆಗಳಲ್ಲಿದ್ದು, ಭವಿಷ್ಯನಿಧಿಯ ಹಣ ತೆಗೆದು ಕೊಳ್ಳುತ್ತಿದ್ದ ಮನೆ. ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವನ್ನೂ ವಕೀಲರು ನೋಡಿದ್ದರು. ಗೋಡೆಯನ್ನು ನಾವೇ ನೋಡಬೇಕಲ್ಲವೆ?

ನಲ್ಲಿ ತಿರುಗಿಸಿದೆ, ದೀಪ ಹಾಕಿದೆ, ಕಿಟಕಿಗಳ ಚಿಲಕ ಎಳೆದೆ. ಸಾಮಾನೆಲ್ಲ ಸಾಗಿಸಿಯಾಗಿತ್ತು. ಮಲಗುವ ಕೋಣೆಯಲ್ಲಿ ಮೊದಲು ಬೀರು ಇದ್ದ ಕಡೆ ಸೊಂಟದೆತ್ತರಕ್ಕೆ ತೇವ! ಮುಟ್ಟಿದರೆ ಸುಣ್ಣ ಬೆರಳಿಗೆ ಬಂತು. ಆ ಮನೆಯಾಕೆ ಬಾಗಿಲಲ್ಲಿ ನಿಂತಿದ್ದರು.

"ಹಿಂದುಗಡೆ ಬಚ್ಚಲ ಪೈಪು ಒಡೆದಿದೆ ಟೀಚರ್. ಹೇಳಬೇಡ ಅಂದಿದ್ದಾರೆ ನಮ್ಮನೆಯವರು" ಎಂದು ಪಿಸುಗುಟ್ಟಿದರು.

ಮಾರುವವರಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರಕ್ಕೆ ಕಾಣದಂಥ ಮುಖ್ಯ ದೋಷವನ್ನು ಕೊಳ್ಳುವವರಿಗೆ ತಿಳಿಸಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಲ್ಲಿದೆ ಎಂದರು ವಕೀಲರು. ಕಾಯ್ದೆ ನನ್ನ ಕಡೆಗಿತ್ತು. ಆದರೆ ಆಕೆಯ ಮಾತೆತ್ತಿದರೆ ಆಕೆಯ ಗತಿಯೇನು? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಆಕೆಯ ಯಜಮಾನರಿಗೆ, "ಗೋಡೆ ಮುಟ್ಟಿದಾಗ ತಿಳಿಯಿತು. ಪೈಪು ಸರಿಮಾಡಿಸಿಕೊಡಿ, ಆಮೇಲೆ ರುಜು" ಎಂದಷ್ಟೇ ಹೇಳಿದೆ. ಅದು ಸುಳ್ಳೇನೂ ಅಲ್ಲವಲ್ಲ! ಗೊಣಗಿಕೊಂಡೇ ಒಪ್ಪಿದರು. ನೋಂದಣಿ ಎಂಟು ದಿನ ಮುಂದೆ ಹೋಯಿತು.

ಕೊಳ್ಳುವ ಮನೆಯನ್ನು ಸಾಮಾನು ತೆಗೆದ ಮೇಲೊಮ್ಮೆ ನೋಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಬೀಗದ ಕೈ ಕೊಡುವಾಗ ಆಕೆ ನನ್ನ ಕೈಯನ್ನು ಕ್ಷಣಹೊತ್ತು ಹಿಡಿದುಕೊಂಡೇ ಇದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ಗೋಡೆ ಈಗ ಒಣಗಿದೆ. ಅಲ್ಲಿ ನಾನು ಬೀರು ಇಟ್ಟಿಲ್ಲ.