ಉಪ್ಪಿಲ್ಲದ ಸಾರು

"ಅಮ್ಮಾ, ಸಾರಿಗೆ ಉಪ್ಪೇ ಹಾಕಿಲ್ಲವಲ್ಲ" ಎಂದೆ. ಅಮ್ಮ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೋಡಿ, "ಸರಿಯಾಗೇ ಇದೆಯಲ್ಲೋ" ಎಂದಳು. ಮೇಲೆ ಉಪ್ಪು ಹಾಕಿಕೊಂಡೆ. ಆಗಲೂ ಬಿಸಿನೀರು ಕುಡಿದ ಹಾಗೇ ಇತ್ತು. ಕೆಟ್ಟಿದ್ದು ಸಾರಲ್ಲ, ನನ್ನ ನಾಲಗೆ ಎಂದು ತಿಳಿಯಲು ಎರಡು ದಿನ ಹಿಡಿಯಿತು.

ನಾನಾಗ ದ್ವಿತೀಯ ಪಿಯುಸಿ. ಕೈ ನಡುಗಿ ಅಕ್ಷರ ಕೆಟ್ಟಾಗ ಮನೆಯಲ್ಲಿ ಸೋಮಾರಿತನ ಎಂದುಕೊಂಡಿದ್ದರು. ಕಣ್ಣಿನ ಡಾಕ್ಟರು ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಉಂಗುರ ಕಂಡು ಬೆಂಗಳೂರಿಗೆ ಕಳಿಸಿದರು. ವಿಲ್ಸನ್ ಕಾಯಿಲೆ. ಊಟದಲ್ಲಿ ಸೇರುವ ತಾಮ್ರ ಎಲ್ಲರಲ್ಲೂ ಪಿತ್ತದ ಜೊತೆ ಹೊರಹೋಗುತ್ತದೆ. ನನ್ನಲ್ಲಿ ಅದು ಪಿತ್ತಜನಕಾಂಗ ತುಂಬಿ ಮಿದುಳಿಗೂ ಏರಿತ್ತು.

ಕೊಟ್ಟ ಮದ್ದು ಪೆನಿಸಿಲಮಿನ್. ಇಂಗ್ಲೆಂಡಿನ ವೈದ್ಯ ಜಾನ್ ವಾಲ್ಶ್ 1956ರಲ್ಲಿ ಈ ಕಾಯಿಲೆಗೆ ತಂದದ್ದು. ಲೋಹವನ್ನು ಕಚ್ಚಿ ಹಿಡಿದು ಮೂತ್ರದಲ್ಲಿ ಸಾಗಿಸುವ ಈ ಚಿಕಿತ್ಸೆಗೆ ಕೀಲೇಶನ್ ಎಂದು ಹೆಸರು. ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಪದ. ಅಮ್ಮ ಅಡುಗೆಮನೆಯ ತಾಮ್ರದ ಚೊಂಬನ್ನು ಅಟ್ಟಕ್ಕೆ ಸೇರಿಸಿದಳು. ಬಚ್ಚಲ ಹಂಡೆ ಮಾತ್ರ ಉಳಿಯಿತು.

ರುಚಿ ಹೋಯಿತು, ಬೆಳಿಗ್ಗೆ ಹೊಟ್ಟೆ ತೊಳಸತೊಡಗಿತು. ಪ್ರಾಣ ಹೋಗುವಂಥದ್ದಲ್ಲ ಎಂದು ಹೇಳಲು ನಾಚಿಕೆ. ಅಪ್ಪ ಬೆಂಗಳೂರಿನ ಓಡಾಟಕ್ಕೆ ಸಾಲ ಮಾಡಿದ್ದೂ ಗೊತ್ತಿತ್ತು. ಗುಳಿಗೆಯನ್ನು ಬಚ್ಚಲ ಒಲೆಗೆ ಎಸೆಯತೊಡಗಿದೆ. ನಾಲ್ಕೇ ದಿನಕ್ಕೆ ಹೊಟ್ಟೆ ಹಗುರಾಯಿತು, ಬೇರೇನೂ ಆಗಲಿಲ್ಲ. ಮೋಸ ಇದ್ದದ್ದೇ ಅಲ್ಲಿ. ತಾಮ್ರ ಸದ್ದು ಮಾಡದೆ ಸೇರುತ್ತದೆ.

ಒಲೆಯ ಬೂದಿ ಬಳಿಯುವಾಗ ಅಮ್ಮನಿಗೆ ಒಂದು ಗುಳಿಗೆ ಸಿಕ್ಕಿತು. ಬೈಯಲಿಲ್ಲ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮಾರನೆಯ ದಿನ ಬಸ್ಸು ಹತ್ತಿಸಿದಳು.

"ನೋಡಪ್ಪಾ, ತೊಂದರೆ ಹೇಳಿದರೆ ನನ್ನ ಹತ್ತಿರ ಉಪಾಯ ಇದೆ. ಮದ್ದು ಬಿಟ್ಟರೆ ಇಲ್ಲ" ಎಂದರು ಡಾಕ್ಟರು. ಒಮ್ಮೆಲೇ ಬಿಟ್ಟವರ ಪಿತ್ತಜನಕಾಂಗವೇ ಕೈಕೊಡಬಹುದು, ಬಿಟ್ಟು ತಾನಾಗಿ ಮತ್ತೆ ಶುರುಮಾಡಿದರೆ ಮೈ ಒಗ್ಗದೆ ಹೋಗಬಹುದು ಎಂದೂ ಹೇಳಿದರು. ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಿ ಮೆಲ್ಲಗೆ ಏರಿಸಿದರು. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದಮೇಲೆ, ಬರಿಹೊಟ್ಟೆಯಲ್ಲೇ ನುಂಗಬೇಕು. ಈ ಮದ್ದು ಬಿ6 ಜೀವಸತ್ವವನ್ನು ಕುಗ್ಗಿಸುವುದರಿಂದ ಅದರ ಮಾತ್ರೆಯೂ ಬೇಕು. ನಾಲಗೆ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ಆದರೆ ಜ್ವರ, ಮೈಮೇಲೆ ಗಂಧೆ, ಗಂಟಲುನೋವು, ಕಾಲು ಊತ, ನೊರೆ ಮೂತ್ರ ಇವು ಸಣ್ಣವಲ್ಲ. ಕಂಡ ದಿನವೇ ಬರಬೇಕು. ರಕ್ತ, ಮೂತ್ರದ ಪರೀಕ್ಷೆ ತಪ್ಪಿಸಬಾರದು.

ಅಮ್ಮ ಅದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಳು. ಮುಂದಿನ ಪುಟದಲ್ಲಿ ದಿನಕ್ಕೊಂದು ಗುರುತು: ವಾಕರಿಕೆ ಬಂದರೆ ಗೆರೆ, ಇಲ್ಲದಿದ್ದರೆ ಚುಕ್ಕೆ. ರಾತ್ರಿಯೂಟ ಬೇಗ ಮುಗಿಸಿ ಮಲಗುವ ಹೊತ್ತಿಗೆ ಒಂದು ಗುಳಿಗೆ ನುಂಗಿದ್ದರಿಂದ ಗೆರೆಗಳು ಕಡಿಮೆಯಾದವು. ನಾಲಗೆ ಸತ್ತರೂ ಮೂಗು ಬದುಕಿತ್ತು. ಇಂಗಿನ ಒಗ್ಗರಣೆ, ಲಿಂಬೆಸಿಪ್ಪೆಯ ಘಮ, ಕಾಳುಮೆಣಸಿನ ಉರಿ ಹಿಡಿದುಕೊಂಡು ಊಟ ಮಾಡಿದೆ. ತಿಂಗಳ ಕೊನೆಗೆ ಆ ಪುಟವೇ ಡಾಕ್ಟರ ಮೇಜಿನ ಮೇಲೆ ಹೋಗುತ್ತಿತ್ತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಮೊದಲ ತುತ್ತಿಗೇ ಮುಖ ಕಿವಿಚಿ, "ಅಮ್ಮಾ, ಸಾರು ಉಪ್ಪುಪ್ಪು!" ಎಂದೆ.

ಅಮ್ಮ ಸೌಟು ಹಿಡಿದೇ ನಿಂತಳು. ಉಪ್ಪು ಹೆಚ್ಚು ಹಾಕಿಕೊಂಡವನು ನಾನೇ, ಅಭ್ಯಾಸಬಲ. ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ ಆ ದಿನಕ್ಕೆ ಗೆರೆಯೂ ಅಲ್ಲದ, ಚುಕ್ಕೆಯೂ ಅಲ್ಲದ ಒಂದು ಗುರುತು ಹಾಕಿದಳು.