ಯಾವ ಬೋರ್ಡ್ ತಗೋಳೋದು? ಮಗ್ಗವನ್ನ ಕೇಳಿ

ಮೈಕ್ರೋಕಂಟ್ರೋಲರ್ ಬೋರ್ಡ್ ವಿಷಯ ಬಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಐಪಿಎಲ್ ಟೀಮ್‌ಗಳ ಥರ ಪಕ್ಷಗಳಿವೆ. ಆರ್ಡುಯಿನೋ ಹಳೇದಾಯ್ತು ಅನ್ನೋರು, ಇಎಸ್‌ಪಿ32 ಬಿಟ್ರೆ ಬೇರೇನೂ ಬೇಡ ಅನ್ನೋರು, ಪೈಥಾನ್ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಪಿಕೋ ಹಿಡ್ಕೊಂಡೋರು, ಎಸ್‌ಟಿಎಂ32 ಕಲಿತವರಿಗೇ ಕೆಲಸ ಸಿಗೋದು ಅನ್ನೋರು. ನಾವು ನಾಲ್ಕು ಜನ ಗೆಳೆಯರು, ನಾಲ್ಕು ಪಕ್ಷ. ಹಾಗಾಗಿ ನಮ್ಮ ಮೊದಲ ನಿಜವಾದ ಪ್ರಾಜೆಕ್ಟಿಗೆ ಬೋರ್ಡ್ ಆರಿಸೋಕೇ ಎರಡು ವಾರ ಹಿಡೀತು. ಆ ಎರಡು ವಾರದಲ್ಲಿ ನಾವು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು ನಾಲ್ಕೂ ಬೋರ್ಡುಗಳ ಜಾತಕ ನೋಡೋಣ. ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾದಲ್ಲಿ. ಅದರ ಊನೋ ಬೋರ್ಡಿನಲ್ಲಿರೋದು ಎಟಿಮೆಗಾ328ಪಿ ಚಿಪ್ಪು: 16 ಮೆಗಾಹರ್ಟ್ಸ್, 32 ಕೆಬಿ ಫ್ಲ್ಯಾಶ್, ಬರೀ 2 ಕೆಬಿ ರ‍್ಯಾಮ್. ಇಎಸ್‌ಪಿ32 ಬಂದಿದ್ದು 2016ರಲ್ಲಿ: ಎರಡು ಕೋರ್, 240 ಮೆಗಾಹರ್ಟ್ಸ್, 520 ಕೆಬಿ ರ‍್ಯಾಮ್, ಜೊತೆಗೆ ವೈಫೈ, ಬ್ಲೂಟೂತ್. ರಾಸ್ಪ್‌ಬೆರಿ ಪೈ ಪಿಕೋ 2021ರದ್ದು: ಅದಕ್ಕೂ ಎರಡು ಕೋರ್, 264 ಕೆಬಿ ರ‍್ಯಾಮ್. ಬ್ಲೂ ಪಿಲ್ ಅಂತ ಕರೆಯೋ ಎಸ್‌ಟಿಎಂ32 ಬೋರ್ಡಿಗೆ 72 ಮೆಗಾಹರ್ಟ್ಸ್, 20 ಕೆಬಿ ರ‍್ಯಾಮ್. ಕಾಗದದ ಮೇಲೆ ನೋಡಿದ್ರೆ ಊನೋ ಸೋತೇ ಹೋಯ್ತು.

ಆದ್ರೆ ನಮ್ಮ ಪ್ರಾಜೆಕ್ಟ್ ಕಾಗದದ ಮೇಲೆ ಇರಲಿಲ್ಲ, ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್‌ನಲ್ಲಿ ಇತ್ತು.

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದವರಿಗೆ ಪವರ್‌ಲೂಮ್ ಸದ್ದು ಗೊತ್ತೇ ಇರುತ್ತೆ. ನಮ್ಮಲ್ಲಿ ಒಬ್ಬನ ಮನೆಯಲ್ಲೂ ಮಗ್ಗಗಳಿವೆ. ಅಲ್ಲಿ ನೇಕಾರರಿಗೆ ಕೂಲಿ ಸೀರೆ ಲೆಕ್ಕದಲ್ಲಿ. ತೊಂದರೆ ಬರೋದು ಪಾಳಿ ಬದಲಾಗುವಾಗ. ಹಗಲಿನವರು ಅರ್ಧ ನೇಯ್ದು ಎದ್ದು ಹೋಗ್ತಾರೆ, ರಾತ್ರಿಯವರು ಮುಗಿಸ್ತಾರೆ. ಯಾರದ್ದು ಎಷ್ಟು? ಟೇಪ್ ಹಿಡಿದು ಅಂದಾಜು ಮಾಡ್ತಾರೆ, ಅಲ್ಲೇ ಮಾತಿಗೆ ಮಾತು ಬೆಳೆಯುತ್ತೆ. ಲಾಳಿ ಎಷ್ಟು ಸಲ ಓಡಿತು ಅಂತ ಎಣಿಸೋ ಒಂದು ಡಬ್ಬಿ ಮಾಡಿಕೊಡಿ ಅಂತ ಕೇಳಿದ್ರು. ಲಾಳಿ ಒಂದು ಸಲ ಓಡಿದ್ರೆ ಒಂದು ಹೊಕ್ಕು. ಮಗ್ಗದ ಮೇಲಿನ ಶಾಫ್ಟ್ ಒಂದು ಸುತ್ತು ಸುತ್ತಿದ್ರೂ ಒಂದು ಹೊಕ್ಕು. ಶಾಫ್ಟಿಗೆ ಒಂದು ಅಯಸ್ಕಾಂತ, ಪಕ್ಕದಲ್ಲಿ ಒಂದು ಹಾಲ್ ಸೆನ್ಸರ್. ಇಷ್ಟೇ ಕೆಲಸ.

ಈಗ ಲೆಕ್ಕ ಹಾಕಿ. ಆ ಮಗ್ಗ ನಿಮಿಷಕ್ಕೆ ಸುಮಾರು 120 ಹೊಕ್ಕು ಹಾಕುತ್ತೆ, ಅಂದ್ರೆ ಸೆಕೆಂಡಿಗೆ ಎರಡು. ಎರಡು ಹೊಕ್ಕಿನ ನಡುವೆ ಊನೋಗೆ 80 ಲಕ್ಷ ಕ್ಲಾಕ್ ಸೈಕಲ್ ಸಿಗುತ್ತೆ. ಸೋತ ಬೋರ್ಡಿಗೇ ನಿದ್ದೆ ಮಾಡೋಷ್ಟು ಪುರುಸೊತ್ತು! 240 ಮೆಗಾಹರ್ಟ್ಸ್ ಇಟ್ಕೊಂಡು ಏನ್ಮಾಡೋದು? ಎರಡು ವಾರ ನಾವು ಜಗಳ ಆಡಿದ್ದ ಸ್ಪೀಡ್, ರ‍್ಯಾಮ್, ಕೋರ್ ಎಲ್ಲ ಒಂದೇ ಭಾಗಾಕಾರಕ್ಕೆ ಮುಗಿದುಹೋಯ್ತು.

ನಿಜವಾದ ಪ್ರಶ್ನೆ ಕೇಳಿದ್ದು ಶೆಡ್‌ನ ಹಿರಿಯ ನೇಕಾರರು. "ಏನಪ್ಪಾ, ಕರೆಂಟ್ ಹೋಗಿ ಬಂದ್ಮೇಲೂ ಅದೇ ನಂಬರ್ ಇರ್ತೈತಾ?"

ಇರಬೇಕು ಅಂದ್ರೆ ಎಣಿಕೆಯನ್ನ ಕರೆಂಟ್ ಹೋದ್ರೂ ಅಳಿಯದ ಕಡೆ ಬರೆದಿಡಬೇಕು. ಎಟಿಮೆಗಾದ ಒಳಗೇ 1 ಕೆಬಿ ಇಇಪ್ರಾಮ್ ಇದೆ. ಆದ್ರೆ ಅದರ ಒಂದು ಜಾಗಕ್ಕೆ ಒಂದು ಲಕ್ಷ ಸಲ ಬರೆಯೋವರೆಗೆ ಮಾತ್ರ ಕಂಪನಿ ಭರವಸೆ. ಪ್ರತಿ ಹೊಕ್ಕಿಗೂ ಒಂದೇ ಜಾಗದಲ್ಲಿ ಬರೀತಾ ಹೋದ್ರೆ ಆ ಲಕ್ಷ 14 ಗಂಟೆಯೊಳಗೆ ಖಾಲಿ. ಸರಿ, ನೂರು ಹೊಕ್ಕಿಗೊಮ್ಮೆ ಬರೆಯೋಣ ಅಂದ್ಕೊಳ್ಳಿ. ಆಗ ಕರೆಂಟ್ ಹೋದ್ರೆ 99 ಹೊಕ್ಕಿನವರೆಗೂ ನಷ್ಟ ಆಗಬಹುದು. ಇಂಚಿಗೆ 60 ಹೊಕ್ಕು ಬೀಳೋ ಬಟ್ಟೆಯಲ್ಲಿ ಅದು ಒಂದೂವರೆ ಇಂಚಿಗೂ ಜಾಸ್ತಿ. ದಿನಕ್ಕೆ ಆರು ಸಲ ಕರೆಂಟ್ ಹೋದ್ರೆ ಹತ್ತಿರ ಹತ್ತಿರ ಹತ್ತಿಂಚು ನೇಯ್ಗೆ ಲೆಕ್ಕಕ್ಕೇ ಇಲ್ಲ. ಲ್ಯಾಬಿನಲ್ಲಿ ಇದನ್ನ "ಡೇಟಾ ಲಾಸ್" ಅಂತೀವಿ. ಶೆಡ್‌ನಲ್ಲಿ ಇದರ ಹೆಸರು ಕೂಲಿ.

ಹಾಗಾಗಿ ದಾರಿ ಒಂದೇ: ಕರೆಂಟ್ ಹೋಗೋ ಗಳಿಗೆಯಲ್ಲೇ ಬರೀಬೇಕು. ಅಡಾಪ್ಟರ್ ಆದ್ಮೇಲೆ ಒಂದು ಡಯೋಡ್, ಅದರ ಆಚೆಗೆ 2200 ಮೈಕ್ರೋಫ್ಯಾರಡ್ ಕೆಪಾಸಿಟರ್. ಡಯೋಡಿನ ಈಚೆಗೆ ವೋಲ್ಟೇಜ್ ಬಿತ್ತು ಅಂತ ಗೊತ್ತಾದ ತಕ್ಷಣ ಇಂಟರಪ್ಟ್. ಇಡೀ ಸರ್ಕ್ಯೂಟ್ 50 ಮಿಲಿಆಂಪ್ ಎಳೆದ್ರೂ ಕೆಪಾಸಿಟರ್ ಒಂದು ವೋಲ್ಟ್ ಇಳಿಯೋಕೆ 44 ಮಿಲಿಸೆಕೆಂಡ್ ಬೇಕು. ಇಇಪ್ರಾಮ್‌ಗೆ 4 ಬೈಟ್ ಬರೆಯೋಕೆ ಸುಮಾರು 14 ಸಾಕು. ದಿನಕ್ಕೆ 20 ಸಲ ಕರೆಂಟ್ ಹೋದ್ರೂ ಒಂದು ಲಕ್ಷ ಮುಗಿಯೋಕೆ 13 ವರ್ಷ ಬೇಕು.

ಇದೇ ಆಟ ಇಎಸ್‌ಪಿ32ನಲ್ಲಿ ಕಷ್ಟ. ಅದರಲ್ಲಿ ಪ್ರತ್ಯೇಕ ಇಇಪ್ರಾಮ್ ಇಲ್ಲ, ಫ್ಲ್ಯಾಶ್‌ನಲ್ಲೇ ಬರೀಬೇಕು. ಫ್ಲ್ಯಾಶ್‌ನಲ್ಲಿ 4 ಕೆಬಿ ತುಂಡನ್ನ ಅಳಿಸೋ ಸರದಿ ಬಂದ್ರೆ ಅದಕ್ಕೇ ಹತ್ತಾರು ಮಿಲಿಸೆಕೆಂಡ್ ಹೋಗುತ್ತೆ. ವೈಫೈ ಕಳಿಸೋ ಹೊತ್ತಿನಲ್ಲಿ ನೂರಾರು ಮಿಲಿಆಂಪ್ ಬೇರೆ ಎಳೆಯುತ್ತೆ, ಕೆಪಾಸಿಟರ್ ಅಷ್ಟರಲ್ಲಿ ಖಾಲಿ. ಪಿಕೋದಲ್ಲೂ ಇಇಪ್ರಾಮ್ ಇಲ್ಲ. ಹೊರಗಿನಿಂದ ಒಂದು ಎಫ್‌ರ‍್ಯಾಮ್ ಚಿಪ್ ಸೇರಿಸಿದ್ರೆ ಯಾವ ಬೋರ್ಡಾದ್ರೂ ನಡೆಯುತ್ತೆ, ನಿಜ. ಆದ್ರೆ ಒಳಗೇ ಇರೋದನ್ನ ಬಿಟ್ಟು ಹೊರಗೆ ಯಾಕೆ ದುಡ್ಡು ಹಾಕೋದು? ಜೊತೆಗೆ ಎಟಿಮೆಗಾ 5 ವೋಲ್ಟಿನದ್ದು, ನಮ್ಮ ಸೆನ್ಸರೂ ಅಷ್ಟೇ, ಸೀದಾ ಹೊಂದುತ್ತೆ. ಇಎಸ್‌ಪಿ32, ಪಿಕೋ ಎರಡರ ಪಿನ್ನುಗಳೂ 3.3 ವೋಲ್ಟಿನವು. 5 ವೋಲ್ಟ್ ಸಿಗ್ನಲ್ ನೇರ ಕೊಡೋ ಹಾಗಿಲ್ಲ.

ಅಷ್ಟರಲ್ಲಿ ಇನ್ನೊಂದು ಬೇಡಿಕೆ ಬಂತು. ಮಗ್ಗದ ಯಜಮಾನರು, ಅಂದ್ರೆ ಗೆಳೆಯನ ಅಪ್ಪ, "ನಂಬರ್ ನನ್ ಫೋನಿಗೆ ಬರೋ ಹಂಗೆ ಮಾಡ್ರಪ್ಪ" ಅಂದ್ರು. ಇಎಸ್‌ಪಿ32 ಪಕ್ಷದವನ ಮುಖ ಅರಳಿತು. ಆದ್ರೆ ಆ ಹಿರಿಯ ನೇಕಾರರು ಮೆಲ್ಲಗೆ ಕೇಳಿದ್ರು: "ಟೀ ಕುಡಿಯಕ್ ಹೋದ್ರೂ ಫೋನಲ್ಲಿ ಗೊತ್ತಾಗ್ತೈತಾ?"

ಗೊತ್ತಾಗುತ್ತೆ. ನಿಮಿಷ ನಿಮಿಷಕ್ಕೂ ಗೊತ್ತಾಗುತ್ತೆ. ಪಾಳಿಯ ಜಗಳ ಬಿಡಿಸೋಕೆ ಅಂತ ಕೇಳಿದ ಡಬ್ಬಿ, ಕೆಲಸಗಾರನ ಬೆನ್ನ ಹಿಂದೆ ನಿಲ್ಲೋ ಕಾವಲುಗಾರ ಆಗುತ್ತೆ. ವೈಫೈ ಇದೆಯೋ ಇಲ್ಲವೋ ಅನ್ನೋದು ಬರೀ ಒಂದು ಫೀಚರ್ ಅಂತ ಅಂದುಕೊಂಡಿದ್ದ ನಮಗೆ, ಆ ನಂಬರ್ ಯಾರ ಕಣ್ಣಿಗೆ ಮೊದಲು ಬೀಳಬೇಕು ಅನ್ನೋದೂ ಬೋರ್ಡ್ ಆರಿಸೋದರಲ್ಲೇ ತೀರ್ಮಾನ ಆಗುತ್ತೆ ಅಂತ ಆವತ್ತು ಗೊತ್ತಾಯ್ತು. ಗೆಳೆಯನೇ ಅಪ್ಪನ ಹತ್ರ ಕೂತು ಮಾತಾಡಿದ. ಕೊನೆಗೆ ಒಪ್ಪಿದ್ದು ಹೀಗೆ: ಡಿಸ್‌ಪ್ಲೇ ಮಗ್ಗದ ಮೇಲೆ, ನೇಕಾರರಿಗೆ ಕಾಣೋ ಹಾಗೆ. ಪಾಳಿ ಬದಲಾಗುವಾಗ ಇಬ್ಬರೂ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋದು. ಯಜಮಾನರು ನೋಡೋದೂ ಅದೇ ನೋಟ್‌ಬುಕ್. ವೈಫೈ ಬೇಡ.

ಇನ್ನೊಂದು ಕಾರಣವೂ ಇತ್ತು. ನಾವು ಡಿಗ್ರಿ ಮುಗಿಸಿ ಹೊರಟ ಮೇಲೆ ಡಬ್ಬಿ ಕೆಟ್ರೆ ಯಾರು ನೋಡ್ತಾರೆ? ಸಾಕೆಟ್‌ನಲ್ಲಿ ಕೂರೋ 28 ಕಾಲಿನ ಎಟಿಮೆಗಾ ಚಿಪ್ಪನ್ನ ಕಿತ್ತು, ಮೊದಲೇ ಪ್ರೋಗ್ರಾಮ್ ಹಾಕಿಟ್ಟ ಇನ್ನೊಂದನ್ನ ಒತ್ತಿ ಕೂರಿಸಬಹುದು. ಸೋಲ್ಡರಿಂಗ್ ಬೇಡ, ಲ್ಯಾಪ್‌ಟಾಪ್ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಪ್ಪೂ ಸಿಗುತ್ತೆ, ಸಾಕೆಟ್ಟೂ ಸಿಗುತ್ತೆ. ಎರಡು ಸ್ಪೇರ್ ಚಿಪ್ ಡಬ್ಬಿಯೊಳಗೇ ಟೇಪ್ ಹಾಕಿ ಇಟ್ಟಿದ್ದೀವಿ.

ಹಾಗಂತ ಎಲ್ಲರೂ ಎಟಿಮೆಗಾ ತಗೊಳ್ಳಿ ಅಂತಲ್ಲ. ದೇವನಹಳ್ಳಿ ಕಡೆ ದ್ರಾಕ್ಷಿ ತೋಟದ ತೇವಾಂಶ ಮನೆಯಿಂದಲೇ ನೋಡಬೇಕು, ತೋಟದವರೆಗೂ ವೈಫೈ ಸಿಗುತ್ತೆ ಅಂದ್ರೆ ಇಎಸ್‌ಪಿ32 ಸರಿ. ತಂಗಿಗೆ ಪ್ರೋಗ್ರಾಮಿಂಗ್ ರುಚಿ ಹತ್ತಿಸಬೇಕು ಅಂದ್ರೆ ಪಿಕೋ. ಎಂಬೆಡೆಡ್ ಕೆಲಸಕ್ಕೆ ರೆಡಿಯಾಗೋರಿಗೆ ಎಸ್‌ಟಿಎಂ32 ಒಳ್ಳೆಯದು, ಆದ್ರೆ ಬ್ಲೂ ಪಿಲ್‌ನಲ್ಲಿ ಡೂಪ್ಲಿಕೇಟ್ ಚಿಪ್ ಓಡಾಡುತ್ತೆ, ನೋಡಿ ತಗೊಳ್ಳಿ. ಕಲಿಯೋಕೆ ಅಂತ ಕೈಗೆ ಸಿಕ್ಕಿದ್ದನ್ನ ತಗೊಂಡ್ರೂ ತಪ್ಪಿಲ್ಲ.

ಬೇರೆಯವರಿಗೆ ಅಂತ ಏನಾದ್ರೂ ಮಾಡೋದಿದ್ರೆ ಮಾತ್ರ, ಆನ್‌ಲೈನ್ ಕಾರ್ಟ್ ತೆರೆಯೋ ಮುಂಚೆ ಅದು ಬದುಕಬೇಕಾದ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ. ಕರೆಂಟ್ ಹೋದ್ರೆ ಏನು ಕಳೆದುಹೋಗುತ್ತೆ, ಅದರಲ್ಲಿ ಬರೋ ನಂಬರ್ ಯಾರದ್ದು, ನಾವಿಲ್ಲದಾಗ ರಿಪೇರಿ ಮಾಡೋರು ಯಾರು ಅಂತ ಅಲ್ಲಿರೋರನ್ನೇ ಕೇಳಿ. ಡೇಟಾಶೀಟ್‌ನ ಯಾವ ಪುಟ ಓದಬೇಕು ಅಂತ ಆಮೇಲೆ ತಾನಾಗೇ ಗೊತ್ತಾಗುತ್ತೆ.