ಕಾಣದಿದ್ದರೆ ಒತ್ತಬೇಡಿ

ಎಸ್ಸೆಸ್ಸೆಲ್ಸಿ ಬರೆದು ನಲವತ್ತು ವರ್ಷ ದಾಟಿತು. ಆದರೂ 'ಪರೀಕ್ಷೆ' ಅಂದ ಕೂಡಲೇ ನನಗೆ ಅಂಗೈ ಬೆವರುವುದು ನಿಂತಿಲ್ಲ. ಈಗ ನಾಲ್ಕು ತಿಂಗಳಿಗೊಮ್ಮೆ ಒಂದು ಪರೀಕ್ಷೆಗೆ ಕೂರುತ್ತೇನೆ. ಓದುವುದಿಲ್ಲ, ಬರೆಯುವುದಿಲ್ಲ. ಒಂದು ಕಣ್ಣು ಮುಚ್ಚಿಸಿಕೊಂಡು, ಬಿಳಿ ಬೋಗುಣಿಯಂಥ ಯಂತ್ರದ ಎದುರು ಗಲ್ಲ ಊರಿ, ನಡುವಿನ ಹಳದಿ ದೀಪವನ್ನೇ ನೋಡುತ್ತಾ ಕೂರಬೇಕು. ಸುತ್ತಮುತ್ತ ಎಲ್ಲಾದರೂ ಒಂದು ಬೆಳಕಿನ ಚುಕ್ಕೆ ಮಿನುಗಿ ಮಾಯವಾಗುತ್ತದೆ. ಕಂಡರೆ ಕೈಯಲ್ಲಿರುವ ಬಟನ್ ಒತ್ತಬೇಕು. ಅಷ್ಟೇ. ಫೀಲ್ಡ್ ಟೆಸ್ಟ್ ಅನ್ನುತ್ತಾರೆ.

ಗ್ಲಾಕೋಮಾ ಬರುವ ಅಪಾಯವಿರುವವರನ್ನು ವರ್ಷಗಟ್ಟಲೆ ಗಮನಿಸುವ ಒಂದು ಅಧ್ಯಯನ ಇಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನಡೆಯುತ್ತಿದೆ. ಅದಕ್ಕೆ ನಾನಾಗಿಯೇ ಹೆಸರು ಕೊಟ್ಟೆ. ಕಾರಣ ಅಪ್ಪ.

ಅಪ್ಪ ಊರಿನಿಂದ ಬಂದಾಗಲೆಲ್ಲ ಕುರ್ಲಾ ಸ್ಟೇಷನ್ನಿನಲ್ಲಿ ಒಂದು ಜಗಳ ಗ್ಯಾರಂಟಿ. "ನಿಮ್ಮ ಬೊಂಬಾಯಿ ಜನಕ್ಕೆ ಮರ್ಯಾದೆಯೇ ಇಲ್ಲ ಮಾರಾಯ, ಎಲ್ಲಿಂದಲೋ ಬಂದು ಮೈಮೇಲೆ ಬೀಳ್ತಾರೆ" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಪೇಪರು ಸರಾಗವಾಗಿ ಓದುತ್ತಿದ್ದರು, ಕನ್ನಡಕದ ಅಂಗಡಿಯಲ್ಲಿ ಕೊನೆಯ ಸಾಲಿನ ಅಕ್ಷರದವರೆಗೂ ಹೇಳಿದ್ದರು. ಕಣ್ಣು ಕೆಟ್ಟಿದೆ ಅಂತ ಯಾರಿಗೆ ಅನ್ನಿಸಬೇಕು? ಆ ಜನ ಎಲ್ಲಿಂದಲೋ ಬರುತ್ತಿರಲಿಲ್ಲ, ಪಕ್ಕದಿಂದಲೇ ಬರುತ್ತಿದ್ದರು. ಅಪ್ಪನಿಗೆ ಆ ಪಕ್ಕವೇ ಇರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿತ್ತು. ಗ್ಲಾಕೋಮಾದಲ್ಲಿ ಹೋದ ನೋಟ ವಾಪಸ್ ಬರುವುದಿಲ್ಲ.

ವಿಚಿತ್ರವೆಂದರೆ ನೋಟ ಹೋದ ಜಾಗ ಕಪ್ಪಾಗಿ ಕಾಣುವುದಿಲ್ಲ. ನಮ್ಮೆಲ್ಲರ ಕಣ್ಣಿನಲ್ಲೂ ನರ ಹೊರಡುವ ಕಡೆ ಒಂದು ಕುರುಡು ಚುಕ್ಕೆ ಇದೆ. ಯಾರಿಗಾದರೂ ಅದು ತೂತಾಗಿ ಕಾಣಿಸಿದೆಯೇ? ಇಲ್ಲ. ಮಿದುಳು ಅಕ್ಕಪಕ್ಕದ್ದನ್ನು ಎಳೆದು ತೇಪೆ ಹಾಕಿಬಿಡುತ್ತದೆ. ಗ್ಲಾಕೋಮಾದಲ್ಲೂ ಅದೇ ಕತೆ. ಹಾಗಾಗಿ 'ನಿಮಗೆ ಎಲ್ಲಿ ಕಾಣುವುದಿಲ್ಲ?' ಎಂದು ಕೇಳಿ ಉಪಯೋಗವಿಲ್ಲ. ಒಂದೊಂದು ಜಾಗದಲ್ಲೂ ದೀಪ ಹಚ್ಚಿ ಕೇಳಬೇಕು. ನನ್ನ ಟೆಸ್ಟಿನಲ್ಲಿ ಅಂಥ ಜಾಗಗಳು 54. ಪ್ರತಿ ಬೆಳಕೂ ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಕಂಡರೆ ಅದೇ ಜಾಗದಲ್ಲಿ ಇನ್ನೂ ಮಂಕು ಬೆಳಕು, ಕಾಣದಿದ್ದರೆ ಸ್ವಲ್ಪ ಜೋರು. ಹೀಗೆ ಹಾವು ಏಣಿ ಆಡುತ್ತಾ, ಕಂಡೂ ಕಾಣದಂತಿರುವ ಗಡಿಯನ್ನು ಯಂತ್ರ ಹುಡುಕುತ್ತದೆ. ಅಂದರೆ ಚೆನ್ನಾಗಿರುವ ಕಣ್ಣಿಗೂ ಹೆಚ್ಚುಕಡಿಮೆ ಅರ್ಧದಷ್ಟು ದೀಪ ಕಾಣುವುದಿಲ್ಲ! ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ಸಲ 'ಅಯ್ಯೋ, ಎಷ್ಟೊತ್ತಾಯಿತು, ಒಂದೂ ಕಾಣುತ್ತಿಲ್ಲವಲ್ಲ' ಎಂದು ಒದ್ದಾಡಿಹೋಗಿದ್ದೆ.

ಆ ಮೊದಲ ಪ್ರಿಂಟ್‌ನಲ್ಲಿ ಅಲ್ಲಲ್ಲಿ ಮಸಿ ಚೆಲ್ಲಿದಂತಿತ್ತು. ಎದೆ ಧಸಕ್ ಎಂದಿತು. ಡಾಕ್ಟರು ಮಾತ್ರ ತಲೆಕೆಡಿಸಿಕೊಳ್ಳಲಿಲ್ಲ. "ಒಂದೇ ಟೆಸ್ಟನ್ನು ನಾವು ನಂಬುವುದಿಲ್ಲ" ಅಂದರು. ಮನೆಗೆ ಬಂದು ಹುಡುಕಿ ಓದಿದೆ. ಅಮೆರಿಕದಲ್ಲಿ ಆಕ್ಯುಲರ್ ಹೈಪರ್‌ಟೆನ್ಷನ್ ಟ್ರೀಟ್‌ಮೆಂಟ್ ಸ್ಟಡಿ ಅಂತ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಕಣ್ಣಿನ ಒತ್ತಡ ಹೆಚ್ಚಿದ್ದರೂ ಗ್ಲಾಕೋಮಾ ಇನ್ನೂ ಶುರುವಾಗಿರದ 1,636 ಜನ, 22 ಕಡೆ. ಎಲ್ಲರ ಫೀಲ್ಡ್ ಟೆಸ್ಟುಗಳೂ ಕ್ಯಾಲಿಫೋರ್ನಿಯಾದ ಒಂದೇ ಕೇಂದ್ರಕ್ಕೆ ಹೋಗುತ್ತಿದ್ದವು. ಅಲ್ಲಿ ಕೂತು ನೋಡುವವರಿಗೆ ಇದು ಔಷಧಿ ಪಡೆದವರದೋ ಪಡೆಯದವರದೋ ಗೊತ್ತಿರುತ್ತಿರಲಿಲ್ಲ. 2000ರಲ್ಲಿ ಆ ಕೇಂದ್ರದವರು ಒಂದು ಲೆಕ್ಕ ಕೊಟ್ಟರು. ಕೆಟ್ಟಿದೆ ಅನ್ನಿಸಿದ 703 ಟೆಸ್ಟುಗಳನ್ನು ಮತ್ತೆ ಮಾಡಿಸಿದಾಗ 604ರಲ್ಲಿ ಆ ದೋಷ ತಿರುಗಿ ಕಾಣಿಸಲೇ ಇಲ್ಲ. ನೂರಕ್ಕೆ 86! ಆದ್ದರಿಂದ ಸತತ ಮೂರು ಸಲ ಕೆಟ್ಟರೆ ಮಾತ್ರ ಕೆಟ್ಟಿತು ಅನ್ನುವ ನಿಯಮ ಇಟ್ಟುಕೊಂಡರು. ಅಷ್ಟು ಜರಡಿ ಹಿಡಿದ ಮೇಲೆಯೇ 2002ರಲ್ಲಿ ಹೇಳಿದ್ದು: ಐದು ವರ್ಷದಲ್ಲಿ ಗ್ಲಾಕೋಮಾ ಶುರುವಾದದ್ದು ಹನಿ ಹಾಕಿಕೊಳ್ಳದವರಲ್ಲಿ ನೂರಕ್ಕೆ 9.5, ಹಾಕಿಕೊಂಡವರಲ್ಲಿ 4.4.

ಎರಡನೇ ಸಲ ನನ್ನ ಮಸಿ ಬಹುಪಾಲು ಮಾಯ. ಮೂಗಿನ ಕಡೆಯ ಮೇಲಿನ ಮೂಲೆಯೊಂದು ಬಿಟ್ಟು. ಮೂರನೇ ಸಲವೂ ಅದೇ ಮೂಲೆ. ಹಾಗಾಗಿ ಮೊನ್ನೆಯದು ನನಗೆ ದೊಡ್ಡ ಪರೀಕ್ಷೆ.

ಹೊರಗೆ ಕಾಯುತ್ತಿದ್ದಾಗ ಟೆಸ್ಟ್ ಮಾಡುವ ಹುಡುಗಿ ಬಂದು, "ಅಂಕಲ್, ಆಪ್ ಕೋ ಕನ್ನಡ ಆತೀ ಹೈ ನಾ?" ಅಂದಳು. ಒಳಗೆ ಎಪ್ಪತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ವಿಜಾಪುರದ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದ ಮಗನ ಜೊತೆ ಮಾನ್‌ಖುರ್ದ್‌ನಲ್ಲಿದ್ದಾರಂತೆ. ಅಧ್ಯಯನದವರಲ್ಲ, ಸಾದಾ ಪೇಶಂಟ್. ಹುಡುಗಿ ಅವರ ಪ್ರಿಂಟ್ ತೋರಿಸಿದಳು. ಎಲ್ಲಾ ಬೆಳ್ಳಗೆ. ಇಷ್ಟು ಬೆಳ್ಳಗೆ ಯಾರ ಕಣ್ಣೂ ಇರುವುದಿಲ್ಲವಂತೆ! ದೀಪ ಬಂದ ಮೇಲೆ ಒತ್ತಲು ಮನುಷ್ಯನಿಗೆ ಇಷ್ಟು ಹೊತ್ತಾದರೂ ಬೇಕು ಅಂತಿರುತ್ತದೆ. ಅದಕ್ಕೂ ಮೊದಲೇ ಬಟನ್ ಬಿದ್ದರೆ ಯಂತ್ರ ಅದನ್ನು ಸುಳ್ಳು ಅಂತ ಎಣಿಸಿಕೊಳ್ಳುತ್ತದೆ.

"ಕಾಕಾ, ಕಾಣದಿದ್ದರೂ ಒತ್ತಿದಿರಾ?" ಅಂದೆ.

"ಹೌದ್ ತಮ್ಮಾ, ಒಂದೂ ಬಿಟ್ಟಿಲ್ಲ ನೋಡು. ಕಾಣಂಗಿಲ್ಲ ಅಂದ್ರ ಫೇಲ್ ಮಾಡ್ತಾರಲ್ಲ? ಮಗ ದಗದಾ ಬಿಟ್ಟು ಬಂದಾನ."

ಬಾಗಿಲ ಹತ್ತಿರ ಮಗ ಹೆಲ್ಮೆಟ್ ಹಿಡಿದು ನಿಂತಿದ್ದ. ನಾನು ಹೇಳಿದೆ, "ಕಾಕಾ, ಇದರಲ್ಲಿ ಪಾಸು ಫೇಲು ಇಲ್ಲ. ಕಾಣದೇ ಇರುವುದನ್ನು ಹುಡುಕಲಿಕ್ಕೇ ಈ ಯಂತ್ರ ಇರುವುದು. ನೀವು ಮುಚ್ಚಿಟ್ಟರೆ ಡಾಕ್ಟರಿಗೆ ಸಿಗುವುದಿಲ್ಲ. ಕಾಣದಿದ್ದರೆ ಒತ್ತಬೇಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಗಲ್ಲ ಊರಿದರು.

ಆಮೇಲೆ ನನ್ನ ಸರದಿ. ಇಷ್ಟೆಲ್ಲ ಉಪದೇಶ ಮಾಡಿದವನು ಏನು ಮಾಡಿದೆ ಗೊತ್ತೇ? ಆ ಮೂಲೆಯಲ್ಲಿ ಏನೂ ಬಾರದೆ ಒಂದಷ್ಟು ಹೊತ್ತು ಕಳೆದಾಗ ಅಪ್ಪ ನೆನಪಾದರು. ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಆಮೇಲೆ ಲಯಕ್ಕೆ ತಾಳ ಹಾಕಿದ ಹಾಗೆ ಒತ್ತುತ್ತಲೇ ಹೋದೆ. ಪ್ರಿಂಟ್ ನೋಡಿದ ಹುಡುಗಿ ಬೈಯಲಿಲ್ಲ. "ಚಾ ಪೀಕೇ ಆಯಿಯೇ ಅಂಕಲ್, ಫಿರ್ ಸೇ ಕರೇಂಗೇ" ಅಂದಳು. ಇಂಥದನ್ನು ಅಧ್ಯಯನದ ಲೆಕ್ಕಕ್ಕೆ ಹಾಕುವಂತಿಲ್ಲ. ನಾಚಿಕೆಯಾಯಿತು. ಆ ಕಾಕಾ ಮಗನ ದುಡಿಮೆ ಹೋಗಬಾರದೆಂದು ಸುಳ್ಳು ಒತ್ತಿದವರು. ನನಗೆ ಬರೀ ಹೆದರಿಕೆ. ನನ್ನಂಥ ನಾಲ್ಕು ಜನ ಹೀಗೇ ಒತ್ತುತ್ತಾ ಕೂತರೆ ಮುಂದೆ ಯಾರ ಕಣ್ಣಿಗೆ ಯಾವಾಗ ಔಷಧಿ ಬೇಕೆಂದು ಗೊತ್ತಾಗುವುದಾದರೂ ಹೇಗೆ?

ಚಹಾ ಕುಡಿದು ಬಂದು ಮತ್ತೆ ಕೂತೆ. ಈ ಸಲ ಕಾಣದಿದ್ದಾಗ ಹೆಬ್ಬೆರಳನ್ನು ಸುಮ್ಮನೆ ಇಟ್ಟುಕೊಂಡೆ. ಇಷ್ಟು ಕಷ್ಟದ ಕೆಲಸ ಇತ್ತೀಚೆಗೆ ಮಾಡಿದ ನೆನಪಿಲ್ಲ. ಪ್ರಿಂಟ್ ಬಂತು. ಅದೇ ಮೂಲೆ.

ಡಾಕ್ಟರು ದಿನಾ ರಾತ್ರಿ ಒಂದು ಹನಿ ಲ್ಯಾಟನೊಪ್ರೋಸ್ಟ್ ಬರೆದುಕೊಟ್ಟರು. ಈ ಹನಿಯೂ ಇಂಥದೇ ಬಟನ್ ಒತ್ತಿದವರಿಂದ ಸಾಬೀತಾದದ್ದು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 516 ಜನರಿಗೆ ಔಷಧಿಯ ಹನಿ ಅಥವಾ ಔಷಧಿಯಿಲ್ಲದ ಹನಿ ಕೊಟ್ಟು, ಎರಡು ವರ್ಷ ಮತ್ತೆ ಮತ್ತೆ ಫೀಲ್ಡ್ ಟೆಸ್ಟ್ ಮಾಡಿದ್ದರು. ನೋಟ ಕುಗ್ಗಿದ್ದು ಖಾಲಿ ಹನಿಯವರಲ್ಲಿ ನೂರಕ್ಕೆ 25.6, ಔಷಧಿಯವರಲ್ಲಿ 15.2. ಪೂರ್ತಿ ನಿಲ್ಲಿಸುವುದಿಲ್ಲ, ನಿಜ. ಆದರೆ ಅಪ್ಪನಿಗೆ ಅಷ್ಟೂ ಸಿಗಲಿಲ್ಲ.

ಹೊರಗೆ ಬಂದಾಗ ಕಾಕಾ ಇನ್ನೂ ಬೆಂಚಿನ ಮೇಲಿದ್ದರು. "ಭಾಳ ಕಡೆ ಕಾಣ್ಲಿಲ್ಲ ತಮ್ಮಾ. ಒತ್ಲಿಲ್ಲ" ಅಂದರು. "ನಂಗೂ ಒಂದು ಕಡೆ ಕಾಣ್ಲಿಲ್ಲ ಕಾಕಾ" ಅಂದೆ. ಅಪ್ಪ-ಅಮ್ಮ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಮಗೂ ಅಪಾಯ ಹೆಚ್ಚು ಅಂತ ಅವರ ಮಗನನ್ನು ಕರೆದು ಹೇಳಿದೆ. ನಿಮಗೂ ಅದನ್ನೇ ಹೇಳುತ್ತಿದ್ದೇನೆ. ಕನ್ನಡಕದ ನಂಬರ್ ನೋಡಿಸಿ ಸುಮ್ಮನಾಗಬೇಡಿ. ಕಣ್ಣಿನ ಒತ್ತಡ, ನರ ನೋಡಿಸಿ, ಬೇಕೆಂದರೆ ಈ ಬೋಗುಣಿಯ ಮುಂದೆಯೂ ಕೂತು ಬನ್ನಿ.

ಕೂತಾಗ ಏನು ಮಾಡಬಾರದು ಅಂತ ಮೇಲೆಯೇ ಬರೆದಿದ್ದೇನೆ.